ಮನೆಯ ಹಬ್ಬಗಳಲ್ಲಿ ಋಣದ ನೆನಪು

ತಾಯಿ ಅನ್ನ ಬಡಿಸಿದಳೆಂದು ಮಗನು ಆಕೆಗೆ ‘ಧನ್ಯವಾದ’ ಹೇಳುವ ಪದ್ಧತಿ ಕನ್ನಡ ಮನೆಗಳಲ್ಲಿ ಇಲ್ಲ. ಹೇಳಿದನಾದರೆ, ಮಗನಿಗೆ ಏನೋ ಮುನಿಸು ಬಂದಿರಬೇಕೆಂದೇ ಆಕೆ ತಿಳಿದಾಳು. ‘ವಂದನೆ’, ‘ಧನ್ಯವಾದ’, ‘ಕೃತಜ್ಞತೆ’ ಎಂಬಿವು ಸಭೆಯಲ್ಲಿಯೂ ಕಾಗದಪತ್ರಗಳಲ್ಲಿಯೂ ಸಲ್ಲುವ ಮಾತುಗಳು. ಒಲೆಯ ಬಳಿಯಲ್ಲಿ, ಕೊಟ್ಟಿಗೆಯಲ್ಲಿ, ಗದ್ದೆಯ ಬದುವಿನಲ್ಲಿ ಇವಕ್ಕೆ ಎಡೆಯಿಲ್ಲ. ಇದನ್ನು ಕಂಡು, ಉಪಕಾರವನ್ನು ಸ್ಮರಿಸುವ ಸಂಸ್ಕಾರವೇ ನಮ್ಮ ಜನರಲ್ಲಿ ಕಡಮೆಯೆಂದು ಹೇಳುವವರುಂಟು. ಆ ಅಭಿಪ್ರಾಯವು ಸಾಧುವಲ್ಲವೆಂಬುದನ್ನು ನಮ್ಮ ಹಬ್ಬಗಳ ಆಚರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶ. ಮಾತಿನಲ್ಲಿ ಹೇಳದ ಭಾವವನ್ನು ನಮ್ಮವರು ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ ಕೈಯಿಂದ ಮಾಡಿ ತೀರಿಸುತ್ತಾರೆ. ಹಾಗೆ ಮಾಡುವುದರಲ್ಲಿ ಒಂದು ನಿಶ್ಚಿತವಾದ ಕ್ರಮವೂ ಉಂಟು.

ಮೊದಲು ಶಬ್ದಗಳನ್ನು ನೋಡೋಣ. ಸಂಸ್ಕೃತದ ‘ಕೃತಜ್ಞ’ನು ಮಾಡಿದುದನ್ನು ಅರಿತವನು, ‘ಕೃತಘ್ನ’ನು ಮಾಡಿದುದನ್ನು ಕೊಂದವನು. ಅಲ್ಲಿ ಉಪಕಾರವು ಅರಿವಿನ ವಿಷಯ. ಕನ್ನಡದಲ್ಲಾದರೋ ಅದು ನೆನಪಿನ ವಿಷಯ, ಅದಕ್ಕಿಂತ ಹೆಚ್ಚಾಗಿ ಋಣದ ವಿಷಯ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆಯಲ್ಲಿ ಇರುವ ಕ್ರಿಯಾಪದ ‘ನೆನೆ’; ಉಪಕಾರವನ್ನು ಮರೆತವನಿಗೆ ನಮ್ಮವರು ಕೊಡುವ ಲಕ್ಷಣ ‘ಉಂಡ ಮನೆಯ ಜಂತೆ ಎಣಿಸುವವನು’ ಎಂಬುದು. ಒಬ್ಬನು ಊರನ್ನು ಬಿಟ್ಟು ಹೋಗುವಾಗ ‘ಈ ಊರಿನ ಅನ್ನನೀರಿನ ಋಣ ತೀರಿತು’ ಎನ್ನುತ್ತಾನೆ. ಸತ್ತವರನ್ನು ಕುರಿತೂ ಇದೇ ಮಾತು. ಹಳಗನ್ನಡ ಕಾವ್ಯಶಾಸನಗಳಲ್ಲಿ ಬರುವ ‘ಜೋಳದ ಪಾಳಿ’, ‘ಜೋಳವಾಳಿ’ ಎಂಬ ಮಾತುಗಳನ್ನು ವಾಚಕರು ಬಲ್ಲರು. ಯಾರ ಜೋಳವನ್ನು ಉಂಡನೋ ಅವರಿಗಾಗಿ ಪ್ರಾಣವನ್ನಾದರೂ ಕೊಡಬೇಕೆಂಬ ಕಟ್ಟಳೆಯೇ ಅದು. ಪಂಪನ ಕರ್ಣನು ತನ್ನ ಹುಟ್ಟನ್ನು ತಿಳಿದ ಮೇಲೆಯೂ ದುರ್ಯೋಧನನನ್ನು ಬಿಡದೆ ನಿಲ್ಲುವುದು ಈ ಭಾವದಿಂದಲೇ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆ ಋಣಕ್ಕೆ ಹೊನ್ನಿನ ಹೆಸರಾಗಲಿ ಭೂಮಿಯ ಹೆಸರಾಗಲಿ ಬರಲಿಲ್ಲ, ದಿನದಿನದ ಧಾನ್ಯದ ಹೆಸರು ಬಂದಿತು ಎಂಬುದು. ದೊಡ್ಡ ಕೊಡುಗೆಗಿಂತ ನಿತ್ಯದ ತುತ್ತೇ ಹೆಚ್ಚಾಗಿ ಕಟ್ಟುತ್ತದೆಯೆಂದು ಈ ಭಾಷೆಯನ್ನಾಡಿದವರು ಎಣಿಸಿದ್ದರು.

ಇನ್ನು ಹಬ್ಬಗಳ ಕಡೆಗೆ ಬರೋಣ. ದೀಪಾವಳಿಯ ಮೊದಲ ಸಂಜೆ, ಎಂದರೆ ಆಶ್ವಯುಜ ಬಹುಳ ತ್ರಯೋದಶಿಯಂದು, ಆಚರಿಸುವುದು ‘ನೀರು ತುಂಬುವ ಹಬ್ಬ’. ಈ ಹಬ್ಬಕ್ಕೆ ಪುರಾಣದ ಆಧಾರವು ಅಲ್ಪ; ನರಕಾಸುರನ ಕಥೆ ಮರುದಿನಕ್ಕೆ ಸೇರಿದುದು. ಈ ಸಂಜೆ ನಡೆಯುವುದೆಲ್ಲ ಬಚ್ಚಲಮನೆಯಲ್ಲಿ. ವರ್ಷವೆಲ್ಲ ಹೊಗೆ ಕುಡಿದು ಕರಿಹಿಡಿದ ತಾಮ್ರದ ಹಂಡೆಯನ್ನು ಹೊರಕ್ಕೆ ತೆಗೆದು, ಹುಣಿಸೆಹಣ್ಣು ಹಚ್ಚಿ ಬೆಳಗಿ, ಮೈಗೆ ಸುಣ್ಣ ಕೆಮ್ಮಣ್ಣುಗಳ ಗೆರೆಯೆಳೆದು, ಕೊರಳಿಗೆ ಬಳ್ಳಿಯನ್ನೋ ಹೂವಿನ ಸರವನ್ನೋ ಸುತ್ತಿ, ಪುನಃ ಒಲೆಯ ಮೇಲೆ ಕೂರಿಸುತ್ತಾರೆ. ಬಾವಿಯ ಕಟ್ಟೆಗೆ ಅರಿಸಿನ ಕುಂಕುಮವಿಟ್ಟು, ಪೂಜೆ ಮಾಡಿ, ಹೊಸ ನೀರನ್ನು ಸೇದಿ ತಂದು ತುಂಬುತ್ತಾರೆ. ಮರುದಿನ ಬೆಳಗು ಹರಿಯುವ ಮುನ್ನ ಮನೆಯವರೆಲ್ಲರಿಗೂ ಅದೇ ನೀರಿನಿಂದ ಅಭ್ಯಂಜನ.

ಈ ಆಚರಣೆಯನ್ನು ಬಿಡಿಸಿ ನೋಡಿದರೆ ಅದರ ಅರ್ಥ ತಾನಾಗಿ ಹೊರಬೀಳುತ್ತದೆ. ಹಂಡೆಯ ಕೆಲಸ ಮನೆಯವರಿಗೆ ಸ್ನಾನ ಮಾಡಿಸುವುದು. ಆ ದಿನ ಮನೆಯವರು ಹಂಡೆಗೆ ಸ್ನಾನ ಮಾಡಿಸುತ್ತಾರೆ. ಸೇವೆ ಮಾಡಿದ ವಸ್ತುವಿಗೆ, ಅದು ಯಾವ ಬಗೆಯ ಸೇವೆಯನ್ನು ಮಾಡಿತೋ ಆ ಬಗೆಯಲ್ಲಿಯೇ ತಿರುಗಿ ಸೇವೆ ಸಲ್ಲುತ್ತದೆ. ನಮ್ಮ ಮನೆಯ ಹಬ್ಬಗಳಲ್ಲಿ ಹಲವಕ್ಕೆ ಇದೇ ಸೂತ್ರವೆಂದು ನಮಗೆ ತೋರುತ್ತದೆ. ಹೊತ್ತವರನ್ನು ಹೊರಿಸದೆ ಬಿಡುವುದು, ತೊಳೆದವರನ್ನು ತೊಳೆಯುವುದು, ಉಣಿಸಿದವರಿಗೆ ಉಣಿಸುವುದು.

ಜ್ಯೇಷ್ಠದ ಹುಣ್ಣಿಮೆ ಕಾರಹುಣ್ಣಿಮೆ. ಅಂದು ಎತ್ತಿನ ಹೆಗಲ ಮೇಲೆ ನೊಗವಿಲ್ಲ. ಕೆರೆಗೆ ಹೊಡೆದು ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಹಬ್ಬದ ಅಡಿಗೆಯನ್ನು ಅವಕ್ಕೂ ಉಣ್ಣಿಸುತ್ತಾರೆ. ಸಂಜೆ ‘ಕರಿ ಹರಿಯುವ’ ಓಟದಲ್ಲಿ ಯಾವ ಬಣ್ಣದ ಎತ್ತು ಮುಂದಾಯಿತೆಂಬುದರಿಂದ ವರ್ಷದ ಬೆಳೆಯನ್ನು ಊಹಿಸುವುದು ಉತ್ತರದ ಜಿಲ್ಲೆಗಳ ರೂಢಿ. ಇದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನಲ್ಲಿ ಮಾಡಿದ ಎತ್ತಿಗೆ ಮನೆಯೊಳಗೆ ಪೂಜೆ. ಎತ್ತಿಲ್ಲದ ಬಡವನ ಮನೆಗೂ ಹೀಗೆ ಎತ್ತು ಬರುತ್ತದೆ. ಬಲಿಪಾಡ್ಯಮಿಯಂದು ಹಸುಗಳ ಸರದಿ.

ಆಯುಧಪೂಜೆಯಲ್ಲಿ ವಿರಾಮದ ಅಂಶ ಇನ್ನೂ ಸ್ಪಷ್ಟವಾಗಿದೆ. ಮಹಾನವಮಿಯ ದಿನ ಪೂಜೆಗೆ ಇಟ್ಟ ಉಳಿ, ಸುತ್ತಿಗೆ, ತಕ್ಕಡಿ, ಕತ್ತರಿಗಳನ್ನು ಮುಟ್ಟಿ ಕೆಲಸ ಮಾಡಕೂಡದು. ಸರಸ್ವತಿಯ ಮುಂದಿಟ್ಟ ಪುಸ್ತಕಗಳನ್ನು ವಿಜಯದಶಮಿಯವರೆಗೆ ಓದಕೂಡದು. ಉಪಾಧ್ಯಾಯರಾಗಿರುವ ವಾಚಕರಿಗೆ ಈ ವಿಧಿಯು ಬಾಲ್ಯದಲ್ಲಿ ಎಷ್ಟು ಪ್ರಿಯವಾಗಿದ್ದಿತೆಂಬುದನ್ನು ನೆನಪಿಸಬೇಕಾಗಿಲ್ಲ! ಈ ಹಬ್ಬದ ರಾಜವೈಭವದ ಮುಖವು ಎಲ್ಲರಿಗೂ ತಿಳಿದುದೇ. ವಿಜಯನಗರಕ್ಕೆ 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ ದೊಮಿಂಗೊ ಪಾಯಸನು ಅಲ್ಲಿ ಸಾಲಾಗಿ ನಿಂತ ಆನೆಕುದುರೆಗಳಿಗೆ ನಡೆದ ಪೂಜೆಯನ್ನು ವರ್ಣಿಸಿದ್ದಾನೆ. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು 1610ರಲ್ಲಿ ಆ ಸಂಪ್ರದಾಯವನ್ನು ಮುಂದುವರಿಸಿದರು. ಆದರೆ ಅರಸನ ಪಟ್ಟದ ಆನೆಗೆ ಸಲ್ಲುವ ಪೂಜೆಯೂ ಕ್ಷೌರಿಕನ ಕತ್ತಿಗೆ ಸಲ್ಲುವ ಪೂಜೆಯೂ ಒಂದೇ ದಿನ, ಒಂದೇ ಬಗೆಯಲ್ಲಿ ನಡೆಯುತ್ತವೆಂಬುದು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ.

ಭೂಮಿಯ ಹಬ್ಬಗಳು ಈ ಪ್ರಕರಣದ ಹೃದಯ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಬತ್ತವು ಹೊಡೆಯಾಗಿರುತ್ತದೆ. ಒಕ್ಕಲಿನ ಭಾಷೆಯಲ್ಲಿ ಇದು ಭೂಮಿತಾಯಿಯ ಬಸಿರು. ಆದುದರಿಂದ ಆ ದಿನ ಆಕೆಗೆ ಬಯಕೆಯ ಊಟ. ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ದೀವರ ಹೆಂಗಸರು ಈ ಊಟವನ್ನು ಹೊರಲಿಕ್ಕೆಂದೇ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಇದಕ್ಕೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ಹಿಂದಿನ ರಾತ್ರಿಯೆಲ್ಲ ಅಡಿಗೆ. ಬಗೆಬಗೆಯ ಸೊಪ್ಪುಗಳನ್ನು ಬೆರಸಿ ಬೇಯಿಸಿದ ಹಚ್ಚಂಬಲಿಯನ್ನು ನಸುಕಿನಲ್ಲಿ ಗದ್ದೆಗೆ ಒಯ್ದು, ಕೂಗಿ ಹೇಳುತ್ತ ಎರಚುತ್ತಾರೆ. ಕಾಗೆಗೂ ಒಂದು ಎಡೆ ಉಂಟು. ಬಳಿಕ ಮನೆಮಂದಿಯೆಲ್ಲ ಆ ಗದ್ದೆಯ ಅಂಚಿನಲ್ಲಿಯೇ ಕುಳಿತು ಉಣ್ಣುತ್ತಾರೆ. ಬಯಲುಸೀಮೆಯ ಕಲಬುರಗಿ, ಬೀದರ, ವಿಜಯಪುರಗಳ ಕಡೆ ಇದಕ್ಕೆ ಸಮನಾದುದು ಎಳ್ಳಮಾವಾಸ್ಯೆ. ಅಲ್ಲಿ ಹಿಂಗಾರಿ ಜೋಳವು ಎದೆಯೆತ್ತರ ಬೆಳೆದಿರುವಾಗ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ, ಅಂಬಲಿಗಳನ್ನು ಬೆಳೆಯ ನಡುವೆ ನಾಲ್ಕು ದಿಕ್ಕಿಗೂ ಚರಗ ಚೆಲ್ಲುತ್ತಾರೆ. ಅಂದು ನೆಂಟರೂ ಊರಲ್ಲಿ ಹೊಲವಿಲ್ಲದವರೂ ಕರೆದವರ ಹೊಲದಲ್ಲಿ ಉಣ್ಣುವುದು ವಾಡಿಕೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಇದೆಲ್ಲ ಉಪಕಾರಸ್ಮರಣೆಯಲ್ಲ, ಇನ್ನೂ ಕೈಗೆ ಬಾರದ ಬೆಳೆಗಾಗಿ ಮಾಡುವ ಬೇಡಿಕೆ. ಭಯದಿಂದಲೋ ಲಾಭದ ಆಸೆಯಿಂದಲೋ ಹುಟ್ಟಿದ ಮಾಟದಂತಹ ಕ್ರಿಯೆ ಎಂದು. ಬೇಡಿಕೆಯ ಅಂಶವು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬಸುರಿಗೆ ಬಯಕೆಯೂಟ ಹಾಕುವವರು ಆಕೆಯಿಂದ ಏನನ್ನೋ ಪಡೆಯಲು ಹಾಕುವರೆನ್ನುವುದು ಸರಿಯೆ? ಆಕೆ ಹೊತ್ತಿದ್ದಾಳೆ, ದಣಿದಿದ್ದಾಳೆ, ಅವಳ ಬಾಯಿಗೆ ರುಚಿಯಾದುದು ಬೀಳಲಿ ಎಂಬುದೇ ಅಲ್ಲಿಯ ಭಾವ. ಅದೇ ಶಬ್ದವನ್ನು, ಅದೇ ಅಡಿಗೆಯನ್ನು ಭೂಮಿಗೆ ಸಲ್ಲಿಸಿದ ಜನರ ಮನಸ್ಸಿನಲ್ಲಿ ಕೇವಲ ವ್ಯಾಪಾರವಿದ್ದಿತೆಂದು ಹೇಳಲು ಆಧಾರ ಸಾಲದು. ಅಲ್ಲದೆ, ಹಂಡೆಯಿಂದ ಯಾರೂ ಹೆಚ್ಚಿನ ಫಲವನ್ನು ಬೇಡುವುದಿಲ್ಲ.

ಬೆಳೆಯು ಕಣಕ್ಕೆ ಬಂದ ಮೇಲೆ ಈ ಋಣಭಾವವು ಪಾಲಿನ ರೂಪವನ್ನು ತಾಳುತ್ತದೆ. ರಾಶಿಗೆ ಪೂಜೆಯಾದ ಬಳಿಕ ಅಳೆಯುವಾಗ ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಾರೆ. ಹಿಂದೆ ಮನೆಗೆ ಧಾನ್ಯ ಹೊರುವ ಮುನ್ನವೇ ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ ಆಯವು ಸಲ್ಲುತ್ತಿತ್ತು. ಪಾಲೆಂಬ ಈ ಮಾತು ಹೆಂಗಸರ ಹಬ್ಬಗಳಲ್ಲಿಯೂ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಯಂದು ಹಾಲೆರೆಯುವಾಗ ದೇವರ ಪಾಲು, ಗುರುಹಿರಿಯರ ಪಾಲು, ಅಜ್ಜನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರನ್ನೂ ಹೇಳುತ್ತ ಎರೆಯುತ್ತಾರೆ. ಮನೆಯ ಮಕ್ಕಳು ತಮ್ಮ ಬಳಗವನ್ನು ಹೆಸರುಹಿಡಿದು ನೆನೆಯುವುದನ್ನು ಕಲಿಯುವುದು ಹೀಗೆ.

ಕರಾವಳಿಯಲ್ಲಿ ತುಳುವರು ಕುರಲ್ ಪರ್ಬದಂದು ಗದ್ದೆಯಿಂದ ಹೊಸ ಕದಿರನ್ನು ಮನೆಗೆ ತಂದು, ಮಾವು ಹಲಸುಗಳ ಎಲೆಯೊಡನೆ ಕಂಬಕ್ಕೂ ಪಾತ್ರೆಗಳಿಗೂ ಉಪಕರಣಗಳಿಗೂ ಕಟ್ಟುತ್ತಾರೆ. ಬೆಳೆಯಲು ನೆರವಾದ ವಸ್ತುಗಳೇ ಬೆಳೆಯ ಮೊದಲ ದರ್ಶನಕ್ಕೆ ಅರ್ಹವೆಂಬಂತಿದೆ. ಇದೇ ನೆಲದ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನ ಜನ್ಮದಿನವಾಗಿ, ಮೊಂತಿ ಫೆಸ್ತನ್ನು ಆಚರಿಸುವರು. ಒಂಬತ್ತು ದಿನ ಮಕ್ಕಳು ಹೂವು ಒಯ್ದು ಅರ್ಪಿಸಿದ ಮೇಲೆ, ಇಗರ್ಜಿಯಲ್ಲಿ ಆಶೀರ್ವಾದ ಪಡೆದ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರಸಿ, ಮನೆಯ ಹಿರಿಯರು ಪ್ರತಿಯೊಬ್ಬರಿಗೂ ಹಂಚುತ್ತಾರೆ. ಆ ದಿನದ ಊಟದಲ್ಲಿ ಮಾಂಸವಿಲ್ಲ, ತರಕಾರಿಗಳದೇ ಅಡಿಗೆ. ಮತವು ಬೇರೆಯಾದರೂ ನೆಲದ ಋಣವನ್ನು ತೀರಿಸುವ ಬಗೆಯು ನೆರೆಯವರ ಬಗೆಗೆ ದೂರವಲ್ಲ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನು ಮರೆಸಿ ಮುಂದೆ ಹೋಗುವುದು ನ್ಯಾಯವಲ್ಲ. ಹಬ್ಬದ ದಿನ ನೇಗಿಲಿಗೆ ವಿರಾಮ, ಎತ್ತಿಗೆ ವಿರಾಮ, ಪುಸ್ತಕಕ್ಕೆ ವಿರಾಮ. ಗೃಹಿಣಿಗೆ ಮಾತ್ರ ಇಮ್ಮಡಿ ದುಡಿಮೆ. ಹಂಡೆಯನ್ನು ಬೆಳಗಿದ ಕೈಗೆ ಯಾರೂ ಸುಣ್ಣಕೆಮ್ಮಣ್ಣಿನ ಚಿತ್ತಾರ ಬರೆಯಲಿಲ್ಲ. ನಮ್ಮ ಜನರು ಈ ಕೊರತೆಯನ್ನು ಪೂರ್ತಿಯಾಗಿ ಕಾಣದೆ ಇರಲಿಲ್ಲವೆಂಬುದಕ್ಕೆ ತವರಿನ ಹಬ್ಬಗಳು ಸಾಕ್ಷಿ. ಪಂಚಮಿಗೆ ಅಣ್ಣನು ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು, ಅಲ್ಲಿ ಅವಳಿಗೆ ಜೋಕಾಲಿ ಮತ್ತು ಉಂಡಿ, ಹಳೆಯ ಮೈಸೂರು ಕಡೆ ಗೌರೀಹಬ್ಬದಲ್ಲಿ ತವರಿನ ಬಾಗಿನ, ಇವೆಲ್ಲ ಆಕೆಯ ಹೆಗಲಿನ ನೊಗವನ್ನು ನಾಲ್ಕು ದಿನ ಇಳಿಸುವ ಏರ್ಪಾಡುಗಳೇ. ಆದರೆ ಅದು ಸಲ್ಲುತ್ತಿದ್ದುದು ಆಕೆ ದುಡಿದ ಮನೆಯಿಂದಲ್ಲ, ಹುಟ್ಟಿದ ಮನೆಯಿಂದ.

ಹೊಲದಲ್ಲಿ ಈ ಕೊರತೆ ಮತ್ತಷ್ಟು ಕಟುವಾಗಿತ್ತು. ಎತ್ತಿಗೆ ಹೋಳಿಗೆ ತಿನ್ನಿಸಿದ ಅಂಗಳದ ಹೊರಗೆ, ತಲೆಮಾರುಗಳಿಂದ ಆ ಎತ್ತನ್ನು ಹೂಡುತ್ತಿದ್ದ ಜೀತದಾಳು ಕೈಯೊಡ್ಡಿ ನಿಲ್ಲಬೇಕಾಗಿತ್ತು. ಜೀತವನ್ನು ತೊಡೆದುಹಾಕುವ ಶಾಸನವು ಬಂದುದು 1976ರಲ್ಲಿ. ಆಯಗಾರನಿಗೆ ಸಲ್ಲುತ್ತಿದ್ದ ಪಾಲು ಹಕ್ಕೋ ಕೃಪೆಯೋ ಎಂಬುದು ಅಳೆಯುವವನ ಮನಸ್ಸನ್ನು ಅವಲಂಬಿಸಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ವಿಷಯವನ್ನು ನಮ್ಮ ಎಲ್ಲ ವಿವೇಚನೆಗಿಂತ ತೀಕ್ಷ್ಣವಾಗಿ ಮುಂದಿಡುತ್ತದೆ: ಚೋಮನ ಬಳಿ ಎತ್ತುಗಳುಂಟು, ಹೂಡಲು ನೆಲವಿಲ್ಲ. ಮಣ್ಣಿನ ಋಣವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿಗೆ ಆ ಋಣವನ್ನು ಒಡೆಯನಾಗಿ ಸಲ್ಲಿಸುವ ಅವಕಾಶವೇ ಇರಲಿಲ್ಲ. ನಮ್ಮ ಹಬ್ಬಗಳನ್ನು ಹೊಗಳುವ ಪಾಠವನ್ನು ತರಗತಿಯಲ್ಲಿ ಹೇಳುವವರು ಅದರ ಪಕ್ಕದಲ್ಲಿ ಈ ಕಾದಂಬರಿಯನ್ನೂ ಇರಿಸಿದರೆ ಒಳ್ಳೆಯದು. ‘ಜೋಳದ ಪಾಳಿ’ಯೆಂಬ ಮಾತಿನಲ್ಲಿ ಉಂಡವನ ಕರ್ತವ್ಯ ಮಾತ್ರ ಹೇಳಿದೆ, ದುಡಿಸಿಕೊಂಡವನ ಕರ್ತವ್ಯಕ್ಕೆ ಅಷ್ಟೇ ಬಿಗಿಯಾದ ಶಬ್ದವೊಂದು ನಮ್ಮ ಕಾವ್ಯಭಾಷೆಯಲ್ಲಿ ಬೇರೂರಲಿಲ್ಲ.

ಈಗ ಬಚ್ಚಲಮನೆಯಲ್ಲಿ ತಾಮ್ರದ ಹಂಡೆಯಿರುವ ಮನೆಗಳು ಅಪರೂಪ. ಪಟ್ಟಣದಲ್ಲಿ ನಲ್ಲಿಯ ಕೆಳಗೆ ಬಕೀಟನ್ನಿಟ್ಟು, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ನೀರು ತುಂಬುವವರು ಇದ್ದಾರೆ. ಆಯುಧಪೂಜೆಯಂದು ಮೋಟಾರು ಗಾಡಿಗೂ ಕಂಪ್ಯೂಟರಿಗೂ ಹೂವು ಏರುತ್ತದೆ. ವಸ್ತು ಬದಲಾದರೂ ಕ್ರಮವು ಉಳಿಯುತ್ತಿರುವುದು ಗಮನಾರ್ಹ. ಹೋಗುತ್ತಿರುವುದು ವಿವರಗಳು: ಯಾವ ಸೀಮೆಯಲ್ಲಿ ಹಂಡೆಯ ಕೊರಳಿಗೆ ಯಾವ ಬಳ್ಳಿ, ಹಚ್ಚಂಬಲಿಗೆ ಯಾವ ಯಾವ ಸೊಪ್ಪು, ಚರಗ ಚೆಲ್ಲುವಾಗ ಕೂಗುವ ಮಾತು ಯಾವುದು, ಹಾಲೆರೆಯುವಾಗ ಮೊದಲನೆಯ ಪಾಲು ಯಾರದು. ಇವು ನಿಘಂಟುಗಳಲ್ಲಿ ದೊರೆಯತಕ್ಕವಲ್ಲ. ಆಯಾ ಊರಿನ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಮನೆಯ ಅಜ್ಜಿಯರನ್ನು ಕೇಳಿ, ಅವರು ಆಡಿದ ಮಾತಿನಲ್ಲಿಯೇ ಬರೆದು ಕಳುಹಿಸಿದರೆ ಮುಂದಿನ ವಿಚಾರಕ್ಕೆ ಆಧಾರವಾದೀತು.