ಬೆಟದೂರಿನಿಂದ ಸಿಯಾಚಿನ್‌ವರೆಗೆ: ರಕ್ಷಣಾ ಸಚಿವಾಲಯದ ಹೊಸ ಹಾದಿ

ಲಕ್ಷ್ಮೇಶ್ವರದ ನೆರೆಯ ಕುಂದಗೋಳ ತಾಲ್ಲೂಕಿನ ಊರು ಬೆಟದೂರು. ಅಲ್ಲಿಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಕ್ಕರು. ಜೊತೆಗಿದ್ದ ಒಂಬತ್ತು ಯೋಧರು ಬದುಕಲಿಲ್ಲ. ಆರು ದಿನ ಹಿಮದಡಿ ಹೂತಿದ್ದ ಹನುಮಂತಪ್ಪ ಮಾತ್ರ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಷ್ಟು ಎತ್ತರದಲ್ಲಿ ನಮ್ಮ ಮಕ್ಕಳಿಗೆ ಬೂಟು, ಅನ್ನ, ಬಂದೂಕು ಒದಗಿಸುವ ಹೊಣೆ ರಕ್ಷಣಾ ಸಚಿವಾಲಯದ್ದು. ಅದರ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ.

ಈ ಸಚಿವಾಲಯದ ಬೇರು 1776ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತೆಯಲ್ಲಿ ತೆರೆದ ಸೇನಾ ಇಲಾಖೆಯಲ್ಲಿದೆ. ಮುಂಡರಗಿ ಭೀಮರಾಯರು 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದದ್ದು ಅದೇ ಕಂಪನಿಯ ಸೇನೆಯ ಎದುರು. 1947ರಲ್ಲಿ ಇಲಾಖೆ ನಮ್ಮ ಸಂಪುಟದ ಕೈಗೆ ಬಂತು. ಬಲದೇವ್ ಸಿಂಗ್ ಮೊದಲ ಸಚಿವರು.

ಯುದ್ಧ ಮಾಡುವುದು ಸೇನೆ. ಹಣ, ಖರೀದಿ, ತಯಾರಿಕೆ, ಸಂಶೋಧನೆ, ನಿವೃತ್ತರ ಯೋಗಕ್ಷೇಮ ಸಚಿವಾಲಯದ ಪಾಲು. ಭೂಸೇನೆ, ನೌಕಾಪಡೆ, ವಾಯುಪಡೆಗಳನ್ನು ಕೂಡಿಸಿ ನಡೆಸಲು ಒಬ್ಬ ಮುಖ್ಯಸ್ಥರು ಬೇಕೆಂದು ಕಾರ್ಗಿಲ್ ಯುದ್ಧದ ನಂತರ, 2001ರಲ್ಲೇ ಸಚಿವರ ಗುಂಪು ಹೇಳಿತ್ತು. ಆ ಹುದ್ದೆಗೆ ಜನರಲ್ ಬಿಪಿನ್ ರಾವತ್ ಬಂದದ್ದು 2020ರ ಜನವರಿ 1ರಂದು. ಸುಮಾರು ಎರಡು ದಶಕ ಕಾಯುವ ವಿಷಯ ಅದಲ್ಲ. ತಯಾರಿಕೆಯಲ್ಲೂ ಬದಲಾವಣೆ ಬಂತು. 2021ರ ಅಕ್ಟೋಬರ್‌ನಲ್ಲಿ ಹಳೆಯ ಮದ್ದುಗುಂಡು ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಸರ್ಕಾರಿ ಕಂಪನಿಗಳನ್ನಾಗಿ ಮಾಡಲಾಯಿತು.

ಕರ್ನಾಟಕಕ್ಕೆ ರಕ್ಷಣಾ ತಯಾರಿಕೆಯಲ್ಲಿ ದೊಡ್ಡ ಪಾಲಿದೆ. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ ವಿಮಾನ ಕಾರ್ಖಾನೆ ಎಚ್‌ಎಎಲ್, 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ಅದು ಹೆಮ್ಮೆಯ ಮಾತೇ. ಆದರೆ 2021ರಲ್ಲಿ ಕರಾರಾದ 83 ತೇಜಸ್ ಮಾರ್ಕ್-1ಎ ವಿಮಾನಗಳ ಪೂರೈಕೆ 2024ರಲ್ಲಿ ಶುರುವಾಗಬೇಕಿತ್ತು. ಅಮೆರಿಕದ ಎಂಜಿನ್ ಸಮಯಕ್ಕೆ ಬಾರದೆ ಹಿಂದೆ ಬಿತ್ತು. ಎಂಜಿನ್ ಪರದೇಶದ್ದಾಗಿರುವವರೆಗೆ ಸ್ವಾವಲಂಬನೆ ಅರ್ಧದಾರಿಯಲ್ಲೇ ಇರುತ್ತದೆ.

ವಿಮಾನಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಟ್ಟೆಬರೆ. ಹಿಮನದಿಯ ಮೇಲಿನ ಯೋಧರ ವಿಶೇಷ ಉಡುಪು, ಬೂಟು, ಹಿಮಕನ್ನಡಕಗಳಲ್ಲಿ ತೀವ್ರ ಕೊರತೆ ಇತ್ತೆಂದು 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಹೇಳಿತು. ಬಹುಕಾಲ ಇಂಥ ಉಡುಪು ಹೊರದೇಶಗಳಿಂದ ಬರುತ್ತಿತ್ತು. 2022ರ ಕೊನೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತನ್ನ ಪದರು ಪದರಿನ ಚಳಿಯುಡುಪಿನ ತಂತ್ರಜ್ಞಾನವನ್ನು ಐದು ಭಾರತೀಯ ಕಂಪನಿಗಳಿಗೆ ಕೊಟ್ಟಿತು. ಮಗ್ಗದ ಊರಾದ ಬೆಟಗೇರಿಯವರಿಗೆ ಬಟ್ಟೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕ್ಷಿಪಣಿಯ ಸುದ್ದಿಯಷ್ಟೇ ದೊಡ್ಡದಾಗಿ ಈ ಸುದ್ದಿಯೂ ಬರಬೇಕಿತ್ತು.

ನಮ್ಮ ಯುವಕರಿಗೆ ನೇರವಾಗಿ ತಟ್ಟಿದ ಬದಲಾವಣೆ ಅಗ್ನಿಪಥ. 2022ರ ಜೂನ್‌ನಿಂದ ಈ ಯೋಜನೆಯಡಿ ಸೈನಿಕರ ಭರ್ತಿ ನಾಲ್ಕು ವರ್ಷಕ್ಕೆ. ಆಮೇಲೆ ಉಳಿಯುವವರು ಶೇ 25ರವರೆಗೆ ಮಾತ್ರ. 2023ರಿಂದ ಮೊದಲು ಕಂಪ್ಯೂಟರ್ ಪರೀಕ್ಷೆ, ಆಮೇಲೆ ಮೈದಾನದ ಓಟ. ಹೀಗಾಗಿ ಶಿರಹಟ್ಟಿ, ಮುಂಡರಗಿಯ ಹುಡುಗರು ನಸುಕಿನಲ್ಲಿ ಓಡಿದರಷ್ಟೇ ಸಾಲದು, ಅದಕ್ಕೂ ಮೊದಲು ಪರೀಕ್ಷೆ ದಾಟಬೇಕು. ಸೇನೆಯನ್ನು ಯುವಪಡೆಯಾಗಿಸುವುದು ಸರ್ಕಾರ ಹೇಳುವ ಕಾರಣ. 2025–26ರ 6.81 ಲಕ್ಷ ಕೋಟಿ ರೂಪಾಯಿ ರಕ್ಷಣಾ ಬಜೆಟ್‌ನಲ್ಲಿ ಪಿಂಚಣಿಗೇ ಸುಮಾರು 1.61 ಲಕ್ಷ ಕೋಟಿ ಮೀಸಲಾಗಿತ್ತು. ಆ ಭಾರದ ಲೆಕ್ಕವೂ ಅಗ್ನಿಪಥದ ಹಿಂದೆ ಇದೆ ಎಂದು ನನ್ನ ಎಣಿಕೆ. ನಾಲ್ಕು ವರ್ಷ ಕಳೆದು ಊರಿಗೆ ಮರಳುವವರಿಗೆ ಮುಂದಿನ ಕೆಲಸವನ್ನು ಸಚಿವಾಲಯವೇ ಮೊದಲು ತೋರಿಸಬೇಕು.

ಸೈನಿಕರ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರವನ್ನು ಸಾಮಾನ್ಯ ಸೇವಾ ಕೇಂದ್ರದಲ್ಲೂ ಕೊಡಬಹುದು. ಮೊಬೈಲ್ ಬಳಸಲು ಬಾರದ, ಬೆರಳಿನ ಗೆರೆ ಸವೆದ ಹಿರಿಯ ಸೈನಿಕರ ಹೆಂಡಂದಿರಿಗೆ ಪ್ರತಿ ತಾಲ್ಲೂಕಿನಲ್ಲೂ ಕನ್ನಡದಲ್ಲಿ ಕೂತು ಕೆಲಸ ಮಾಡಿಕೊಡುವ ಒಬ್ಬ ಸಿಬ್ಬಂದಿ ಇರಬೇಕು. ಇದಕ್ಕೆ ಹೊಸ ವಿಮಾನದಷ್ಟು ಹಣ ಬೇಕಿಲ್ಲ. ಈ ಬೇಡಿಕೆಯನ್ನು ಮಾಜಿ ಸೈನಿಕರ ಸಂಘಗಳು ಈ ವರ್ಷವೇ ದೆಹಲಿಗೆ ಬರೆಯಬಹುದು.