ಸಂಚಕಾರ ಕೊಟ್ಟ ಮೇಲೆ ಬೆಲೆ ಬದಲಾದರೆ

ನಮ್ಮ ಹಿರಿಯರು ಎತ್ತು ಕೊಳ್ಳುವಾಗ, ಹೊಲ ಹಿಡಿಯುವಾಗ ಮೊದಲು ಮಾತು ಮುಗಿಸಿ ಆಮೇಲೆ ಸಂಚಕಾರ ಕೊಡುತ್ತಿದ್ದರು. ಇಂದು ಆ ಸ್ಥಾನವನ್ನು ‘ಅಡ್ವಾನ್ಸ್’ ಎಂಬ ಮಾತು ಆಕ್ರಮಿಸಿದೆ. ‘ಪ್ರಾಣಕ್ಕೆ ಸಂಚಕಾರ ಬಂತು’ ಎಂಬಂಥ ಪ್ರಯೋಗಗಳಲ್ಲಿ, ಅದೂ ಕೇಡಿನ ಅರ್ಥದಲ್ಲಿ, ಹಳೆಯ ಶಬ್ದ ಉಳಿದುಕೊಂಡಿದೆ. ಇದರ ಮೂಲ ಸಂಸ್ಕೃತದ ‘ಸತ್ಯಂಕಾರ’. ಆಡಿದ ಮಾತನ್ನು ಸತ್ಯವಾಗಿಸುವುದು ಎಂದರ್ಥ. ಅಮರಕೋಶದ ವೈಶ್ಯವರ್ಗದಲ್ಲಿ ಈ ಪದವಿದೆ. ಮಠದ ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ಇದನ್ನು ಕಂಠಪಾಠ ಮಾಡಿದ್ದ ನಮಗೆ ಅದರ ಪೂರ್ಣಾರ್ಥ ಹೊಳೆದದ್ದು ಅರವತ್ತು ದಾಟಿದ ಮೇಲೆ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರ ಕಟ್ಟೆಯ ಮುಂದೆ, ಎಂದರೆ ಓದುಗರು ನಕ್ಕಾರು.

2025ರಲ್ಲಿ ಮುಂಗಾರು ಬೇಗನೆ ಬಂದಿತ್ತು. ಮೇ 24ಕ್ಕೇ ಕೇರಳವನ್ನು ಮುಟ್ಟಿ, ಎರಡು ಮೂರು ದಿನಗಳಲ್ಲಿ ನಮ್ಮ ನಾಡಿನೊಳಕ್ಕೂ ಕಾಲಿರಿಸಿತು. ಹೆಸರು ಬಿತ್ತುವವರಿಗೆ ಹದ ತಪ್ಪಿದರೆ ಬೆಳೆ ತಪ್ಪಿದಂತೆ. ಅಂಥ ಹೊತ್ತಿನಲ್ಲಿ ನಮ್ಮ ತಮ್ಮನ ಮಗನ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟು ಸವೆದು, ಗಾಡಿ ಹೊಲದಲ್ಲಿಯೇ ನಿಂತಿತು. ಮಿಸ್ತ್ರಿ ಬಂದು ನೋಡಿ, ಕಂಪನಿಯ ಮಾಲನ್ನೇ ಹಾಕಬೇಕು, ಬೇರೆಯದು ಹಂಗಾಮು ಮುಗಿಸಲಾರದು ಎಂದ. ತಾಲ್ಲೂಕಿನ ಅಧಿಕೃತ ಮಾರಾಟಗಾರರಲ್ಲಿ ಆ ವಸ್ತು ಇರಲಿಲ್ಲ. ಕಟ್ಟೆಯ ಹಿಂದಿದ್ದ ಹುಡುಗ ಕಂಪ್ಯೂಟರ್ ನೋಡಿ, 4,850 ರೂಪಾಯಿ, ಎಂಟು ದಿನದೊಳಗೆ ತರಿಸಿಕೊಡುವೆವು ಎಂದು ಹೇಳಿ 1,000 ರೂಪಾಯಿ ಮುಂಗಡ ಪಡೆದ. ಪಾವತಿಯನ್ನೂ ಕೊಟ್ಟ. ಅದರಲ್ಲಿ ವಸ್ತುವಿನ ಹೆಸರಿತ್ತು, ಮುಂಗಡದ ಮೊತ್ತವಿತ್ತು, ಬೆಲೆ ಇರಲಿಲ್ಲ.

ಎಂಟು ದಿನ ಹದಿಮೂರಾದವು. ಕರೆ ಬಂದಾಗ ನಾವೂ ಜೊತೆಗೆ ಹೋಗಿದ್ದೆವು. ಬಿಲ್ಲಿನ ಮೊತ್ತ 5,420.

“ಹೇಳಿದ್ದು ನಾಲ್ಕ ಸಾವಿರದ ಎಂಟನೂರಾ ಐವತ್ತಲ್ಲೇನಪಾ?” ಎಂದು ಕೇಳಿದೆವು.

“ಕಂಪನಿಯವ್ರು ರೇಟ್ ಏರಿಸ್ಯಾರ್ರೀ ಅಜ್ಜಾರ. ನಮ್ಮ ಕೈಯಾಗೇನೂ ಇಲ್ಲ. ಬ್ಯಾಡ ಅಂದ್ರ ಅಡ್ವಾನ್ಸ್ ವಾಪಸ್ ಒಯ್ರಿ.”

ಹುಡುಗನ ದನಿಯಲ್ಲಿ ಅವಿನಯವಿರಲಿಲ್ಲ. ಆದರೆ ಆ ಕೊನೆಯ ಮಾತನ್ನು ಗಮನಿಸಬೇಕು. ಹದಿಮೂರು ದಿನ ಕಾದವನಿಗೆ, ಅಕ್ಕಪಕ್ಕದ ಹೊಲಗಳಲ್ಲಿ ಬಿತ್ತಿಗೆ ಮುಗಿಯುತ್ತಿರುವುದನ್ನು ಕಂಡವನಿಗೆ, ಬಾಡಿಗೆ ಟ್ರ್ಯಾಕ್ಟರೂ ಸಿಗದವನಿಗೆ, ‘ಬೇಡವಾದರೆ ಬಿಡಿ’ ಎಂಬ ಸ್ವಾತಂತ್ರ್ಯದಿಂದ ಏನು ಪ್ರಯೋಜನ? ಮಗ ಮಾತಾಡದೆ ಹಣ ಎಣಿಸಿದ. 570 ರೂಪಾಯಿ ಹೆಚ್ಚು. ಹೊರಗೆ ಬಂದ ಮೇಲೆ, “ಇರ್ಲಿ ಬಿಡ್ರಿ ದೊಡ್ಡಪ್ಪ, ಎಲ್ಲಾ ಕಡೆ ಹಿಂಗೇ” ಎಂದ.

ನಾವೂ ಬಿಟ್ಟುಬಿಡುತ್ತಿದ್ದೆವೇನೋ. ಆದರೆ ಪ್ಲೇಟು ಬಂದಿದ್ದ ರಟ್ಟಿನ ಡಬ್ಬಿಯನ್ನು ಮನೆಯ ಮಗುವೊಂದು ತನ್ನ ಗೋಲಿ, ಬಳಪಗಳಿಗೆಂದು ಎತ್ತಿಟ್ಟುಕೊಂಡಿತ್ತು. ನಾಲ್ಕು ದಿನಗಳ ಬಳಿಕ ಅದು ನಮ್ಮ ಕಣ್ಣಿಗೆ ಬಿತ್ತು. ಅದರ ಮಗ್ಗುಲಿಗೆ ಸಣ್ಣ ಅಕ್ಷರಗಳಲ್ಲಿ, ತಯಾರಿಕೆ ಫೆಬ್ರುವರಿ 2025, ಗರಿಷ್ಠ ಮಾರಾಟ ಬೆಲೆ ಎಲ್ಲ ತೆರಿಗೆಗಳೂ ಸೇರಿ 4,850 ರೂಪಾಯಿ ಎಂದು ಅಚ್ಚಾಗಿತ್ತು. ಅಂದರೆ ಬಂದ ವಸ್ತು ಹಳೆಯ ದಾಸ್ತಾನಿನದು. ಬೆಲೆ ಏರಿದ್ದು ಕಂಪ್ಯೂಟರಿನ ಪಟ್ಟಿಯಲ್ಲಿ ಮಾತ್ರ. ಬಿಲ್ಲು ಹೊಡೆದವನೂ ಡಬ್ಬಿ ನೋಡಿರಲಿಲ್ಲ, ಹಣ ಕೊಟ್ಟವನೂ ನೋಡಿರಲಿಲ್ಲ. ದಿನವೂ ಗ್ರಂಥಗಳ ಸಣ್ಣ ಟಿಪ್ಪಣಿಗಳನ್ನು ಕನ್ನಡಕವೇರಿಸಿ ಓದುವ ನಾವೂ ನೋಡಿರಲಿಲ್ಲ.

ಇಲ್ಲಿ ಕಾನೂನು ಏನೆನ್ನುತ್ತದೆ ಎಂಬುದನ್ನು ನಮ್ಮ ಮನೆತನಗಳು ತಿಳಿದಿರುವುದು ಲೇಸು. ಪೊಟ್ಟಣ ಕಟ್ಟಿದ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ, ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಯಾರೂ ಮಾರುವಂತಿಲ್ಲ. ಅಚ್ಚಾದುದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಬೆಲೆ ಇಳಿಸುವುದಕ್ಕಾದರೆ ಚೀಟಿ ಅಂಟಿಸಬಹುದು, ಅದೂ ಮೂಲ ಬೆಲೆಯನ್ನು ಮುಚ್ಚದಂತೆ. ಏರಿಸುವುದಕ್ಕೆ ಚೀಟಿ ಅಂಟಿಸುವಂತಿಲ್ಲ. ಕಂಪನಿಯು ನಿನ್ನೆ ದರ ಏರಿಸಿದ್ದರೂ ಕೈಯಲ್ಲಿರುವ ಡಬ್ಬಿ ಮೊನ್ನೆಯದಾದರೆ, ಡಬ್ಬಿಯ ಮೇಲಿನ ಬೆಲೆಯೇ ಮೇರೆ.

ಬಂದ ಡಬ್ಬಿ ಹೊಸದೇ ಆಗಿ, ಅದರ ಮೇಲೆ ಹೆಚ್ಚಿನ ಬೆಲೆಯೇ ಅಚ್ಚಾಗಿದ್ದರೆ? ವಿಷಯ ಜಟಿಲವಾಗುವುದು ಇಲ್ಲಿಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರಿಗೆ ಕಾರಣವಾಗಬಲ್ಲ ಸಂಗತಿಗಳನ್ನು ಹೇಳುವಾಗ, ಕಾನೂನು ಗೊತ್ತುಮಾಡಿದ ಬೆಲೆ, ಪೊಟ್ಟಣದ ಮೇಲಿನ ಬೆಲೆ, ಪ್ರದರ್ಶಿಸಿದ ದರಪಟ್ಟಿಯ ಬೆಲೆ ಇವುಗಳ ಜೊತೆಗೆ ‘ಉಭಯತರು ಒಪ್ಪಿದ ಬೆಲೆ’ಯನ್ನೂ ಹೇಳಿದೆ. ಒಪ್ಪಿದ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ ಅದೂ ದೂರಿಗೆ ವಿಷಯವೇ. ಆದರೆ ಒಪ್ಪಿದ್ದೆಷ್ಟು ಎಂಬುದಕ್ಕೆ ಸಾಕ್ಷಿ ಬೇಕು. ಬೆಲೆ ಬರೆಯದ ಪಾವತಿಯಲ್ಲಿ ಸಾಕ್ಷಿ ಎಲ್ಲಿದೆ? 1930ರ ಸರಕು ಮಾರಾಟ ಕಾಯ್ದೆಯಂತೂ ಬೆಲೆಯನ್ನು ಮುಂದೆ ನಿಗದಿಪಡಿಸಲು ಬಿಡುವುದಕ್ಕೂ ಅವಕಾಶವಿತ್ತಿದೆ. ಆದ್ದರಿಂದ ಪಾವತಿಯ ಅಡಿಯಲ್ಲಿ ‘ಸರಕು ಕೊಡುವ ದಿನದ ದರ ಅನ್ವಯ’ ಎಂಬ ಸಾಲಿದ್ದು, ಅದನ್ನು ನಾವು ಒಪ್ಪಿ ಪಡೆದಿದ್ದರೆ, ಆಮೇಲೆ ಗೊಣಗಿ ಫಲವಿಲ್ಲ. ಬಹುಮಟ್ಟಿಗೆ ಆ ಸಾಲನ್ನು ಓದುವವರೇ ಇಲ್ಲ.

ಟ್ರ್ಯಾಕ್ಟರ್ ವ್ಯವಹಾರದ ವಾಹನ, ಅದಕ್ಕೆ ಗ್ರಾಹಕ ಕಾಯ್ದೆ ಹೊಂದದು ಎಂದು ಹೆದರಿಸುವವರಿದ್ದಾರೆ. ಸ್ವಂತ ದುಡಿಮೆಯಿಂದ ಜೀವನೋಪಾಯ ಸಾಗಿಸಲಿಕ್ಕಾಗಿಯೇ ಕೊಂಡ ವಸ್ತುವನ್ನು ಕಾಯ್ದೆಯು ವಾಣಿಜ್ಯೋದ್ದೇಶದ್ದೆಂದು ಎಣಿಸುವುದಿಲ್ಲ. ಉಳುವ ರೈತ ಗ್ರಾಹಕನೇ. ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿಕೊಳ್ಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು.

ತೆರಿಗೆಯ ಮಾತು ಬೇರೆ. ಒಪ್ಪಂದವಾದ ಬಳಿಕ ಸರಕಾರ ತೆರಿಗೆ ಏರಿಸಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮಾರುವವನು ಅದನ್ನು ಕೂಡಿಸಬಹುದು. ಇಳಿಸಿದರೆ ಕೊಳ್ಳುವವನು ಕಳೆಯಬಹುದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಕ್ಲಚ್ಚೇ ಮೊದಲಾದ ಅನೇಕ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 5,900 ರೂಪಾಯಿ ಇದ್ದ ವಸ್ತು ಆ ಲೆಕ್ಕದಲ್ಲಿ 5,250 ಆಗಬೇಕು. ಅದಕ್ಕೆ ಮೊದಲೇ ಮುಂಗಡ ಕೊಟ್ಟಿದ್ದರೂ, ಸರಕು ಮತ್ತು ಬಿಲ್ಲು ಎರಡೂ ಆ ದಿನದ ನಂತರದ್ದಾಗಿದ್ದರೆ ಹೊಸ ದರವೇ ಸಲ್ಲತಕ್ಕದ್ದು. ಏರಿದ್ದನ್ನು ಕಂಪ್ಯೂಟರು ಆ ಕ್ಷಣವೇ ತೋರಿಸುತ್ತದೆ. ಇಳಿದದ್ದನ್ನು ನಾವೇ ಕೇಳಿ ನೋಡಿಕೊಳ್ಳಬೇಕು.

ನಮ್ಮ ಓದುಗರಲ್ಲಿ ಅಂಗಡಿಕಾರರ ಮನೆಗಳೂ ಬಹಳ. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಮಾರಾಟಗಾರನು ಬೇಡಿಕೆ ಕಳಿಸಿದ ದಿನ ಒಂದು ದರ, ಡಿಪೋದಿಂದ ಸರಕು ಹೊರಟ ದಿನ ಮತ್ತೊಂದು ದರವಾದರೆ, ಕಂಪನಿಯು ಅವನಿಗೆ ಹೊರಟ ದಿನದ ದರದಲ್ಲಿ ಲೆಕ್ಕ ಬರೆಯಬಹುದು. ಹಳೆಯ ಬೆಲೆಗೇ ಕೊಟ್ಟರೆ ಅವನ ಲಾಭಾಂಶವೇ ಕರಗೀತು. ಆ ಭಯ ಸಹಜ. ಆದರೆ ಬೆಲೆ ಬದಲಾಗಬಹುದೆಂಬ ಸಂಗತಿ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದವನು ಅದನ್ನು ಹೇಳದೆ ಹಣ ಹಿಡಿದುಕೊಂಡನು. ಹೇಳಿದ್ದರೆ ರೈತನು ಮತ್ತೊಂದು ಅಂಗಡಿಗೆ ಹೋಗುತ್ತಿದ್ದನೋ, ಒಪ್ಪುತ್ತಿದ್ದನೋ, ಆ ನಿರ್ಧಾರ ಅವನದಾಗುತ್ತಿತ್ತು. ನಮಗೆ ನೋವಾದದ್ದು 570 ರೂಪಾಯಿಗಿಂತ ಇದಕ್ಕಾಗಿ.

ಇನ್ನು ಸತ್ಯಂಕಾರದ ಮಾತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ಬಗ್ಗೆ ಒಂದು ವಿಧಿಯಿದೆ. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಇದ್ದವನು. ಕ್ರಯವಿಕ್ರಯದ ಮಾತು ನಡೆಯಲೆಂದು ಒಬ್ಬನು ಇನ್ನೊಬ್ಬನ ಕೈಯಲ್ಲಿ ಉಂಗುರ ಮುಂತಾದುದನ್ನು ಇಟ್ಟಾಗ, ಕೊಟ್ಟವನೇ ಮಾತು ತಪ್ಪಿದರೆ ಅವನು ಅದನ್ನು ಕಳೆದುಕೊಳ್ಳುವನು. ಪಡೆದವನು ತಪ್ಪಿದರೆ ಎರಡರಷ್ಟು ಹಿಂದಿರುಗಿಸಬೇಕು ಎಂದು ಅವನು ಬಿಡಿಸಿ ಹೇಳುತ್ತಾನೆ. ‘ಅಡ್ವಾನ್ಸ್ ವಾಪಸ್ ಒಯ್ರಿ’ ಎಂಬ ಮಾತು ಆ ನ್ಯಾಯಕ್ಕೆ ಸಾಲದು. ಇಂದಿನ ಅಂಗಡಿಗೆ ಆ ಶಾಸನ ನಡೆಯದು, ನಿಜ. ಆದರೂ ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ, ಪಡೆದ ಕೈಗೆ ಕೊಟ್ಟ ಕೈಗಿಂತ ಕಡಿಮೆ ಹೊಣೆಯಿಲ್ಲವೆಂದು ಬರೆದಿದ್ದರು.

ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ನಾವು ಮತ್ತೆ ಹೋದೆವು. ಮಾಲೀಕರು ಇದ್ದರು. ಡಬ್ಬಿಯನ್ನೂ ಬಿಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 570 ರೂಪಾಯಿ ತೆಗೆದು ಮುಂದಿಟ್ಟರು. “ತಪ್ಪಾಗೇತ್ರಿ ಶಾಸ್ತ್ರಿಗಳ. ಮಷೀನ್ ತೋರಿಸಿದ್ದು ಬರಕೋತ ಹೋಗ್ತೀವಿ” ಎಂದರು. ಅದೇ ತಿಂಗಳಲ್ಲಿ ಅದೇ ಪ್ಲೇಟು ಬೇರೆ ಎಷ್ಟು ಜನರಿಗೆ ಹೋಗಿದೆ ಎಂದು ಕೇಳಿದೆವು. ನೋಡಿ ಹೇಳುವುದಾಗಿ ಅಂದರು. ಇದುವರೆಗೆ ಹೇಳಿಲ್ಲ, ನಾವೂ ಇನ್ನೊಮ್ಮೆ ಕೇಳಬೇಕಾಗಿತ್ತು, ಕೇಳಿಲ್ಲ.

ಮೊನ್ನೆ ಮಗ ಅದೇ ಅಂಗಡಿಯಲ್ಲಿ ಹೈಡ್ರಾಲಿಕ್ ಪಂಪಿಗೆ ಮುಂಗಡ ಕೊಟ್ಟು ಬಂದ. ಈ ಸಲ ಬೆಲೆ ಬರೆಯಿರಿ ಎಂದನಂತೆ. ಹುಡುಗ ಬೆಲೆ ಬರೆದು, ಕೆಳಗೆ ‘ಬಂದ ದಿನದ ದರ’ ಎಂದೂ ಸೇರಿಸಿದ. ಅದನ್ನು ಹೊಡೆದುಹಾಕಲು ಇವನು ಹೇಳಿದಾಗ, ಹುಡುಗ ಪಾವತಿಯನ್ನು ಒಳಗೆ ಮಾಲೀಕರ ಬಳಿಗೆ ಒಯ್ದು, ಹತ್ತು ನಿಮಿಷ ಕಳೆದು ಹೊರಬಂದ. ಆ ಸಾಲಿನ ಮೇಲೆ ಗೆರೆ ಎಳೆದಿತ್ತು, ಪಕ್ಕದಲ್ಲಿ ಮಾಲೀಕರ ಸಹಿ ಇತ್ತು. ಪಂಪು ಇನ್ನೂ ಬಂದಿಲ್ಲ.