ಶರದೃತುವಿನಲ್ಲಿ ಎಳೆಯರ ಕೈಗೆಲಸ

ಆಶ್ವಯುಜ, ಕಾರ್ತಿಕ ಮಾಸಗಳೆರಡೂ ಸೇರಿ ಶರದೃತುವೆನಿಸುವುವು. ಮಳೆಯ ಮೋಡಗಳು ಬಿಳುಪೇರಿ ಆಗಸವು ತೊಳೆದಂತೆ ತಿಳಿಯಾಗುವ ಈ ಕಾಲದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಸುತ್ತಣ ಹೊಲಗಳನ್ನು ನೋಡಬೇಕು. ರಾಗಿಯ ತೆನೆ ಬಾಗತೊಡಗಿರುತ್ತದೆ. ಹುಚ್ಚೆಳ್ಳಿನ ಸಾಲುಗಳು ಅರಿಶಿನ ಚೆಲ್ಲಿದಂತೆ ಹೂಬಿಟ್ಟಿರುತ್ತವೆ. ಹತ್ತಿಯ ಕಾಯಿ ಬಿರಿದು ಅರಳೆ ಇಣುಕುತ್ತಿರುತ್ತದೆ. ಅದರಾಚೆಗೆ ನಾಗರಹೊಳೆಯ ಕಾಡು ಇನ್ನೂ ಹಚ್ಚಹಸುರಾಗಿಯೇ ನಿಂತಿರುತ್ತದೆ.

ಆದರೆ ಇಂದಿನ ಎಷ್ಟೋ ಶಿಶುವಿಹಾರಗಳ ಗೋಡೆಯ ಮೇಲಿನ ಋತುಚಿತ್ರಪಟ ಬೇರೆಯ ಮಾತನ್ನೇ ಹೇಳುತ್ತದೆ. ಅಲ್ಲಿ ಶರತ್ಕಾಲವೆಂದರೆ ಕೆಂಪು, ಹಳದಿ ಎಲೆಗಳನ್ನು ಉದುರಿಸುತ್ತಿರುವ ಮರ. ಅದು ಯೂರೋಪು, ಅಮೆರಿಕಗಳ ಶರತ್ಕಾಲ. ನಮ್ಮ ತೇಗ, ಮತ್ತಿ ಮುಂತಾದ ಮರಗಳು ಎಲೆ ಕಳಚುವುದು ಶಿಶಿರದ ಹೊತ್ತಿಗೆ. ಕಾಳಿದಾಸನ ಋತುಸಂಹಾರದ ಮೂರನೆಯ ಸರ್ಗವು ಶರದ್ವರ್ಣನೆಗೆ ಮೀಸಲಾಗಿದೆ. ಅಲ್ಲಿ ಮೆರೆಯುವುದು ಕಾಶಪುಷ್ಪ, ತಾವರೆ, ಹಂಸ, ತಿಳಿನೀರು. ಪಟದಲ್ಲಿ ಒಂದು, ಬಾಗಿಲಾಚೆ ಇನ್ನೊಂದು ಕಂಡರೆ ನಾಲ್ಕು ವರ್ಷದ ಮಗು ಏನು ಮಾಡೀತು? ಕಲಿಸುವವರ ಮಾತನ್ನು ನಂಬಿ ತನ್ನ ಕಣ್ಣನ್ನೇ ಅನುಮಾನಿಸಲು ಕಲಿತೀತು. ಇದನ್ನು ಸಣ್ಣ ನಷ್ಟವೆಂದು ನಾನು ಎಣಿಸಲಾರೆ.

ಮೈಸೂರು ಜಿಲ್ಲೆಗೆ ಈ ವಿಷಯದಲ್ಲಿ ಹಿರಿಯ ಪರಂಪರೆಯೇ ಇದೆ. ೧೯೭೫ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ ೩೩ ಕಡೆ ಪ್ರಯೋಗರೂಪದಲ್ಲಿ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಅಂಗನವಾಡಿಗಳು ಬಂದುದು ಆ ಯೋಜನೆಯ ಮೂಲಕವೇ. ಇನ್ನು ೧೯೯೫ರಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಮೊದಲ್ಗೊಂಡದ್ದು ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಇಲ್ಲಿಯ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಕ್ರಮವನ್ನು ಕಂಡುಬಂದು, ಹಾಡು, ಆಟ, ಚಿತ್ರಕಾರ್ಡುಗಳಿಂದ ಕಲಿಸುವ ಪದ್ಧತಿಯನ್ನು ರೂಪಿಸಿದರು. ಅದು ಒಂದನೆಯ ತರಗತಿಯಿಂದ ಮೇಲಿನವರಿಗೆ ಹೊರಟದ್ದು, ನಿಜ. ಆದರೆ ಆರು ವರ್ಷದವರಿಗೆ ಒಪ್ಪುವ ನಲಿವು ಮೂರು ವರ್ಷದವರಿಗೆ ಒಪ್ಪದೇ? ಆ ವಯಸ್ಸಿಗೆ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿಯಾಗಿ ಬಲಿತಿರುವುದಿಲ್ಲ. ಅಂಥ ಕೈಗೆ ಪೆನ್ಸಿಲು ಹಿಡಿಸಿ, ಪುಟಗಟ್ಟಲೆ ಅಕ್ಷರ ತಿದ್ದಿಸಿ, 'ನಮ್ಮ ಮಗು ಆಗಲೇ ಬರೆಯುತ್ತದೆ' ಎಂದು ನೆಂಟರ ಮುಂದೆ ಬೀಗುವ ತಂದೆತಾಯಿಯರನ್ನು ಕಂಡಾಗ ಮರುಕವುಂಟಾಗುತ್ತದೆ.

ಹಾಗಾದರೆ ಆ ಕೈಗೆ ಏನು ಕೊಡಬೇಕು? ಮೊದಲು ಬಣ್ಣ ಕೊಡಿ, ಅಂಗಡಿಯ ಬಣ್ಣವಲ್ಲ. ಈ ಕಾಲದಲ್ಲಿ ಪಾರಿಜಾತದ ಹೂ ನಸುಕಿನಲ್ಲಿ ತಾನಾಗಿ ನೆಲಕ್ಕುದುರುತ್ತದೆ. ಮಗುವಿಗೆ ಗಿಡ ಹರಿಯುವ ಪ್ರಸಂಗವೇ ಇಲ್ಲ. ಬಿಳಿಯ ಎಸಳನ್ನು ಬೇರ್ಪಡಿಸಿ ಕೇಸರಿ ತೊಟ್ಟುಗಳನ್ನಷ್ಟೇ ಬಿಸಿನೀರಿನಲ್ಲಿ ನೆನೆಹಾಕಿದರೆ ಹೊಂಬಣ್ಣದ ನೀರು ಬರುತ್ತದೆ. ಬೇರ್ಪಡಿಸುವ ಕೆಲಸ ಮಗುವಿನದು, ಬಿಸಿನೀರಿನದು ತಾಯಿಯದು. ಬಸಳೆಯ ಕಪ್ಪುಹಣ್ಣು ಹಿಸುಕಿದರೆ ನೇರಳೆ. ಕೆಂಪು ದಾಸವಾಳದ ಎಸಳನ್ನು ಕಾಗದದ ಮೇಲೆ ಉಜ್ಜಿದರೆ ನೀಲಿಗೆ ತಿರುಗುವ ನೇರಳೆ ಗುರುತು ಬೀಳುತ್ತದೆ. ಅದರ ಮೇಲೆ ನಿಂಬೆರಸದ ಒಂದು ತೊಟ್ಟು ಬಿದ್ದರೆ ಕೆಂಪಾಗುತ್ತದೆ. ಅರಿಶಿನದ ನೀರಿಗೆ ಸುಣ್ಣದ ತಿಳಿ ಬೆರೆಸಿದಾಗ ಆರತಿಯ ಓಕುಳಿಯಾಗುವುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಬೆರೆಸುವುದನ್ನು ಮಗು ನೋಡಲಿ, ಸುಣ್ಣವನ್ನು ಮಾತ್ರ ಮುಟ್ಟದಿರಲಿ. ಕಣ್ಣಿಗೆ ಬಿದ್ದರೆ ಅನರ್ಥ. ಈ ಬಣ್ಣಗಳಲ್ಲಿ ಹಲಸಿನ ಎಲೆಯನ್ನೋ ಸೀಬೆಯ ಎಲೆಯನ್ನೋ ಅದ್ದಿ, ನರಗಳೆದ್ದಿರುವ ಹಿಂಬದಿಯನ್ನು ಕಾಗದಕ್ಕೊತ್ತಿದರೆ ಅಚ್ಚು ಮೂಡುತ್ತದೆ. ಚೆನ್ನಾಗಿ ಮೂಡದಿದ್ದರೆ ಹಿರಿಯರು ತಿದ್ದಬಾರದು.

ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳಲ್ಲಿ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಹಸುರು ಬೆಳೆಸುವ ವಾಡಿಕೆಯುಂಟು. ಅದನ್ನು ಮಗುವಿಗೇ ವಹಿಸಿ. ದಿನಕ್ಕೆರಡು ಬಾರಿ ನೀರು ಚಿಮುಕಿಸಿದರೆ ಕೆಲವೇ ದಿನಗಳಲ್ಲಿ ಮೊಳಕೆಯೇಳುತ್ತದೆ. ಅತಿಯಾಗಿ ನೀರು ಸುರಿದು ಕೊಳೆಸಿದರೂ ಚಿಂತೆಯಿಲ್ಲ, ಎರಡನೆಯ ತಟ್ಟೆಗೆ ಖರ್ಚಾಗುವುದು ಒಂದು ಹಿಡಿ ರಾಗಿ. ಬೆಳಗಿನ ಇಬ್ಬನಿಯಲ್ಲಿ ಬೇಲಿಯ ಜೇಡರಬಲೆ ಮುತ್ತಿನ ಸರದಂತೆ ಕಾಣುತ್ತದೆ. ಅದನ್ನು ತೋರಿಸಿ, ಬಳಿಕ ಮನೆಯಲ್ಲಿ ನೆಲದ ಮೇಲೆ ಅಕ್ಕಿಹಿಟ್ಟಿನಿಂದ ಬಿಡಿಸಲು ಹೇಳಿ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟುವ ಹಳೆಯ ಆಟವೊಂದಿದೆ. ಅದನ್ನು ಕಂಡೊಡನೆ ತಡೆಯಬೇಕು.

ಎಚ್ಚರಿಕೆಯ ಮಾತೂ ಅಗತ್ಯ. ಬೇಲಿಯಲ್ಲಿ ಬೆಳೆಯುವ ಗುಲಗಂಜಿಯ ಕೆಂಪುಕಪ್ಪು ಬೀಜ ಮಕ್ಕಳ ಕಣ್ಣಿಗೆ ಬಹು ಸುಂದರ. ಅಗಿದರೆ ಪ್ರಾಣಕ್ಕೇ ಸಂಚಕಾರ. ಹರಳಿನ ಬೀಜ, ದತ್ತೂರಿಯ ಕಾಯಿಗಳೂ ವಿಷವೇ. ಇವನ್ನು ಎಣಿಕೆಗೂ ಸರ ಪೋಣಿಸುವುದಕ್ಕೂ ಬಳಸಲಾಗದು. ಅವರೆ, ಕಡಲೆ ಕಾಳುಗಳನ್ನು ಮೂಗಿಗೆ ತುರುಕಿಕೊಳ್ಳುವ ವಯಸ್ಸಿದು. ಎದುರಿಗೆ ಹಿರಿಯರೊಬ್ಬರು ಕುಳಿತಿರಲೇಬೇಕು. ಔಷಧ ಹೊಡೆದ ಹೊಲದ ಹತ್ತಿಕಾಯಿ ಬೇಡ. ಕಾಡಂಚಿನಲ್ಲಿ ಆನೆಯ ಓಡಾಟ, ಕಬಿನಿಯ ಹಿನ್ನೀರಿನಲ್ಲಿ ಜಾರುವ ದಡ. ಆದುದರಿಂದ ಸಂಗ್ರಹವೆಲ್ಲ ಹಿತ್ತಲು, ಅಂಗಳ, ಪರಿಚಿತ ಹೊಲದ ಬದುವಿನಲ್ಲೇ ನಡೆಯಲಿ.

ಮನೆಯಲ್ಲಿಯೇ ಬೆಳೆದ ಹತ್ತಿಗಿಡವೊಂದಿದ್ದರೆ ಅಜ್ಜಿಯರಿಗೆ ದೀಪಾವಳಿಯ ಮುನ್ನ ಒಳ್ಳೆಯ ಕೆಲಸ. ಮಗು ಅರಳೆಯಿಂದ ಬೀಜ ಬಿಡಿಸಲಿ, ಅಜ್ಜಿ ಹೂಬತ್ತಿ ಹೊಸೆಯಲಿ. ನೋಡುತ್ತ ನೋಡುತ್ತ ಮಗುವೂ ಒಂದು ವಕ್ರಬತ್ತಿ ಹೊಸೆಯುತ್ತದೆ. ಜೇಡಿಮಣ್ಣಿನ ಉಂಡೆಯನ್ನು ಹೆಬ್ಬೆರಳಿನಿಂದ ಅದುಮಿದರೆ ಹಣತೆಯ ಆಕಾರ ಬರುತ್ತದೆ. ಬಿಸಿಲಿಗಿಡದೆ ಎರಡು ಮೂರು ದಿನ ನೆರಳಿನಲ್ಲಿ ಒಣಗಿಸಿದರೆ ಬಿರುಕು ಕಡಮೆ. ಸುಡದ ಹಣತೆ ಎಣ್ಣೆಯನ್ನು ಹೀರಿಬಿಡುತ್ತದೆಯಾದ್ದರಿಂದ, ಅದರೊಳಗೆ ಕುಂಬಾರರ ಪುಟ್ಟ ಹಣತೆಯೊಂದನ್ನು ಕೂರಿಸಿ, ಎಣ್ಣೆಯೆರೆದು, ಆ ವಕ್ರಬತ್ತಿಯನ್ನೇ ಹಾಕಿ ಹಿರಿಯರು ಹೊತ್ತಿಸಲಿ.